ಸಮುದ್ರಕ್ಕೆ ಕೋಡಿ ಎಲ್ಲಿದೆ

ಹಾಲ್ಕುರಿಕೆ, ತಿಪಟೂರು ತಾಲ್ಲೂಕು
12 ಜೂನ್ 2025

ಜಲಜಾ ಮೇಡಂ ಅವರಿಗೆ,

ಮೈಸೂರಿನ ತರಬೇತಿಯಲ್ಲಿ ಊಟದ ಹೊತ್ತಿಗೆ ತೆಂಗಿನಕಾಯಿ ವಿಷಯಕ್ಕೆ ನಿಮ್ಮ ಜೊತೆ ಜಗಳಕ್ಕೆ ನಿಂತ ಗಂಗಲಕ್ಷ್ಮಿ ನಾನು. ಮರೆತಿರಲಾರಿರಿ. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹಾಕಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಆಗುವವರೆಗೂ ತಿಂಗಳುಗಟ್ಟಲೆ ಬಿಡುತ್ತೇವೆ ಎಂದರೆ ನೀವು ನಂಬಲೇ ಇಲ್ಲ. "ಕೊಳೆತು ಹೋಗುದಿಲ್ವಾ ಮಾರಾಯ್ರೆ?" ಅಂದಿರಿ. ನಮ್ಮ ಸೀಮೆ ಕೊಬ್ಬರಿಯ ಮರ್ಯಾದೆ ಉಳಿಸಲು ನಾನು ಇಡೀ ಊಟದ ಮನೆಗೆ ಕೇಳುವಂತೆ ಕೂಗಾಡಿದೆ. ಆಮೇಲೆ ಇಬ್ಬರೂ ಸಮಾಜ ವಿಜ್ಞಾನದವರೇ ಎಂದು ತಿಳಿದು ನಕ್ಕು, ಮಕ್ಕಳಿಗೋಸ್ಕರ ಪತ್ರ ಬರೆಯುವುದು, ಫೋನ್ ಮುಟ್ಟುವುದಿಲ್ಲ ಎಂದು ಮಾತಾಯಿತು. ಆ ಮಾತಿನ ಮೇಲೆ ಇದು ಮೊದಲನೆಯದು.

ನಮ್ಮ ಎಂಟನೇ ಕ್ಲಾಸಿನಲ್ಲಿ ಸಮುದ್ರ ನೋಡಿದವರು ಒಬ್ಬರೂ ಇಲ್ಲ. ಫೋನಿನಲ್ಲಿ ಅಲೆಗಳನ್ನು ತೋರಿಸಿದೆ. ತಿಲಕ್ ಅಂತ ಒಬ್ಬನಿದ್ದಾನೆ, ಬಾಯಿ ಬಿಟ್ಟರೆ ತಕರಾರು. "ಫೋನ್‌ನಾಗೆ ಆನೆನೂ ಇಷ್ಟೇ ಕಾಣ್ತದೆ, ಇರುವೆನೂ ಇಷ್ಟೇ ಕಾಣ್ತದೆ ಬುಡಿ ಮಿಸ್" ಅಂದ. ಅವನ ಮಾತು ಸರಿ ಅನ್ನಿಸಿ ನನಗೇ ಸಿಟ್ಟು ಬಂತು. ಎಲ್ಲರನ್ನೂ ಎಬ್ಬಿಸಿಕೊಂಡು ಊರ ಕೆರೆಯ ಏರಿ ಮೇಲೆ ಕರೆದುಕೊಂಡು ಹೋದೆ. ಇದೇ ಕೆರೆ ಅಂದುಕೊಳ್ಳಿ, ಆದರೆ ಆಚೆ ದಡ ಇಲ್ಲ ಎಂದೆ. ಎಲ್ಲರೂ ಕಣ್ಣು ಕಿರಿದು ಮಾಡಿ ದಡ ಇಲ್ಲದ ಕೆರೆಯನ್ನು ನೋಡುತ್ತಾ ನಿಂತರು. ಆಗ ಇಂಪನಾ ಕೇಳಿದಳು: "ಕೆರೆಗೆ ಕೋಡಿ ಐತೆ. ಅಷ್ಟೊಂದು ಹೊಳೆ ಸೇರ್ಕಂಡ್ರೂ ಸುಮ್ನಿರೋ ಸಮುದ್ರಕ್ಕೆ ಕೋಡಿ ಎಲ್ಲೈತೆ ಮಿಸ್?"

ಜಲಜಾ ಮೇಡಂ ಅವರನ್ನೇ ಕೇಳೋಣ ಎಂದು ಜಾರಿಕೊಂಡೆ. ತಿಲಕನದು ಇನ್ನೊಂದು ಪ್ರಶ್ನೆ. ನಾವು ತೆಂಗಿನ ಬುಡಕ್ಕೆ ಉಪ್ಪು ಹಾಕುತ್ತೇವೆ, ನಿಮ್ಮ ಮರಗಳು ಉಪ್ಪುನೀರಿನ ಪಕ್ಕದಲ್ಲೇ ನಿಂತಿವೆಯಲ್ಲ, ಎಳನೀರು ಉಪ್ಪಾ?

ನಿಮ್ಮ ಪತ್ರವನ್ನು ಕ್ಲಾಸಿನಲ್ಲಿ ಜೋರಾಗಿ ಓದುತ್ತೇನೆ. ಅದೇ ನಮ್ಮ ಪಾಠ. ಪಠ್ಯಪುಸ್ತಕದ ಹಾಗೆ ಬರೆದರೆ ವಾಪಸ್ ಕಳಿಸುತ್ತೇನೆ.

ಗಂಗಲಕ್ಷ್ಮಿ


ತೆಂಕಬೆಂಗ್ರೆ, ಕುಂದಾಪುರ ತಾಲೂಕು
24 ಜೂನ್ 2025

ಗಂಗಲಕ್ಷ್ಮಿ ಟೀಚರಿಗೂ ಎಂಟನೇ ತರಗತಿಯ ಎಲ್ಲ ಮಕ್ಕಳಿಗೂ,

ನಿಮ್ಮ ಪತ್ರ ಬಂದ ದಿನ ಇಲ್ಲಿ ಮಳೆಗೆ ಕರೆಂಟ್ ಇರಲಿಲ್ಲ. ಕಿಟಕಿಯ ಹತ್ತಿರ ನಿಂತು ನಮ್ಮ ಏಳನೇ ತರಗತಿಗೆ ಓದಿ ಹೇಳಿದೆ. ದಡ ಇಲ್ಲದ ಕೆರೆ ಎಂದಾಗ ನಮ್ಮ ಮಕ್ಕಳು ನಕ್ಕರು. ಅವರಿಗೆ ಆಚೆ ದಡ ಇರುವ ನೀರೇ ವಿಚಿತ್ರ.

ಇಂಪನಾ, ಕೋಡಿ ಇಲ್ಲದೆ ಏನು ಮಗಾ? ನಮ್ಮ ಶಾಲೆ ಇರುವುದೇ ಕೋಡಿಯ ಮೇಲೆ! ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ನಾವು. ಶಾಲೆಯ ಮುಂಬಾಗಿಲಿನಿಂದ ಚೆಂಡು ಎಸೆದರೆ ಹೊಳೆಗೆ, ಹಿಂಬಾಗಿಲಿನಿಂದ ಎಸೆದರೆ ಕಡಲಿಗೆ. ಏಳನೇ ತರಗತಿಯ ಸನ್ನಿಧಿಯ ಮನೆ ಕೋಡಿಯ ತುತ್ತತುದಿಯಲ್ಲಿದೆ. ಅವಳ ತಂದೆಯ ದೋಣಿ ಬರುವುದು ಎಲ್ಲರಿಗಿಂತ ಮೊದಲು ಅವಳಿಗೇ ಕಾಣುವುದು. ನಮ್ಮ ಶಾಲೆಯಲ್ಲಿ ಅವಳಷ್ಟು ಚೆನ್ನಾಗಿ ಈಜುವವರು ಗಂಡುಮಕ್ಕಳಲ್ಲೂ ಇಲ್ಲ.

ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರ ಎಳೆಯುತ್ತಾನೆ ಎಂದು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ನೀರು ಏರುವಾಗ ಇಲ್ಲಿ ಹೊಳೆ ಹಿಂದಕ್ಕೆ ಹರಿಯುತ್ತದೆ. ಬೆಳಿಗ್ಗೆ ಕಡಲಿಗೆ ಹೋದ ತೆಂಗಿನ ಗರಿ ಮಧ್ಯಾಹ್ನ ಊರಿಗೆ ವಾಪಸ್ ಬರುತ್ತದೆ. ಸಿಹಿನೀರು, ಉಪ್ಪುನೀರು ಕೂಡುವ ಈ ಬಾಯಿಗೆ ಅಳಿವೆ ಎನ್ನುತ್ತೇವೆ. ಮೀನುಗಳು ಮೊಟ್ಟೆ ಇಡುವುದು, ಮರಿಗಳು ಬೆಳೆಯುವುದು ಇಲ್ಲೇ. ಅಲೆಯ ಜೊತೆ ಮರಳೂ ನಡೆಯುತ್ತದೆ. ಕಡಲು ಒಂದು ಕಡೆಯ ಮರಳನ್ನು ತೆಗೆದು ಇನ್ನೊಂದು ಕಡೆ ಇಡುತ್ತಲೇ ಇರುತ್ತದೆ. ನಾವು ನಿಂತಿರುವ ನೆಲವೂ ಹಾಗೆ ಬಂದದ್ದೇ.

ತಿಲಕ್, ಬೊಂಡ ಉಪ್ಪಲ್ಲ, ಸಿಹಿ. ಬೇರು ಉಪ್ಪಿನಲ್ಲಿದ್ದರೂ ಬೊಂಡದಲ್ಲಿ ಉಪ್ಪಿನ ಸುಳಿವೇ ಇಲ್ಲ. ನಮ್ಮ ಶಾಲೆಯ ಹಿಂದೆ ತೆಂಗಿನ ಸಾಲಿದೆ, ಈಗ ಸ್ವಲ್ಪ ಕಡಿಮೆ ಆಗಿದೆ. ಬಡಗು ದಿಕ್ಕಿನ ಊರಿನಲ್ಲಿ ಕಡಲಿಗೆ ಕಲ್ಲಿನ ಗೋಡೆ ಕಟ್ಟಿದ ಮೇಲೆ ನಮ್ಮ ಕಡೆ ಮರಳು ಮೊದಲಿನಷ್ಟು ಬರುತ್ತಿಲ್ಲ. ಇರಲಿ, ಅದು ದೊಡ್ಡವರ ಚಿಂತೆ.

ಜಲಜಾ ಮೊಗವೀರ


ಹಾಲ್ಕುರಿಕೆ
6 ಜುಲೈ 2025

ಪ್ರೀತಿಯ ಜಲಜಾ ಟೀಚರ್,

ನಿಮ್ಮ ಪತ್ರ ನಮ್ಮ ಕ್ಲಾಸಿನಲ್ಲಿ ಏನೇನು ಗಲಾಟೆ ಎಬ್ಬಿಸಿತು ಅಂತೀರಿ! ಮೊದಲನೆಯದು ಬೊಂಡ. ನಮ್ಮ ಕಡೆ ಬೊಂಡ ಎಂದರೆ ಎಣ್ಣೆಯಲ್ಲಿ ಕರಿದದ್ದು, ಆಲೂಗಡ್ಡೆ ಹಾಕಿದ್ದು. "ಬೊಂಡದ ಬುಡಕ್ಕೆ ಬೇರು ಎಲ್ಲಿಂದ ಬಂತು ಮಿಸ್?" ಎಂದು ತಿಲಕ್ ಎದ್ದು ನಿಂತ. ಎಳನೀರಿಗೇ ಅವರು ಬೊಂಡ ಎನ್ನುವುದು ಕಣಪ್ಪ ಎಂದು ಬಿಡಿಸಿ ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು. ಒಂದೇ ಕನ್ನಡ, ಎಷ್ಟು ಥರ ನೋಡಿ. ಇನ್ನು ಮೇಲೆ ನಿಮ್ಮ ಮಾತು ನನಗೆ ಸಲೀಸು.

ಎರಡನೆಯದು ನಿಮ್ಮ ಶಾಲೆ. "ಕೋಡಿ ಮ್ಯಾಲೆ ಇಸ್ಕೂಲ್ ಕಟ್ಟವ್ರಾ? ನಮ್ಮಪ್ಪ ಕೋಡಿ ತಾವ ಎಮ್ಮೇನೂ ಕಟ್ಟಕ್ಕೆ ಬುಡಲ್ಲ" ಎಂದಳು ಇಂಪನಾ. ನೀರಿನ ಬಾಯಲ್ಲೇ ಕುಳಿತು ಪಾಠ ಹೇಳುವವರು, ಕೇಳುವವರು ಎಂಥ ಗಟ್ಟಿಗರಿರಬೇಕು ಎಂದು ನನ್ನ ಮಕ್ಕಳಿಗೆ ನಿಮ್ಮ ಮೇಲೆ ಬಂದಿರುವ ಗೌರವ ಹೇಳತೀರದು. ಇಂಪನಾ ನಿಮ್ಮ ಶಾಲೆಯ ಚಿತ್ರ ಬರೆದಿದ್ದಾಳೆ, ಇದರ ಜೊತೆ ಇಟ್ಟಿದ್ದೇನೆ. ಹಿಂಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿರುವುದು ಸನ್ನಿಧಿಯಂತೆ. ಸಮುದ್ರವನ್ನು ಅವಳು ಗದರಿಸುತ್ತಿದ್ದಾಳಂತೆ.

ಹೊಳೆ ಹಿಂದಕ್ಕೆ ಹರಿಯುವುದನ್ನು ಯಾರೂ ನಂಬಲಿಲ್ಲ. ಜಲಜಾ ಟೀಚರ್ ಸುಳ್ಳು ಹೇಳುವುದಿಲ್ಲ ಎಂದು ನಾನೇ ಜಾಮೀನು ನಿಂತಿದ್ದೇನೆ.

ಕಲ್ಲಿನ ಗೋಡೆಯ ವಿಷಯವನ್ನು ದೊಡ್ಡವರ ಚಿಂತೆ ಎಂದು ನೀವು ಬಿಟ್ಟಿರಿ. ತಿಲಕ್ ಬಿಡಬೇಕಲ್ಲ. "ಮೇಲ್ನ ಹೊಲ್ದೋನು ಬದ ಏರಿಸ್ಕಂಡ್ರೆ ನೀರು ತಿರುಗ್ಕಂಡು ಪಕ್ಕದ ಹೊಲದ ಬದ ಕಿತ್ಕಂಡು ಹೋಯ್ತದೆ. ನಮ್ಗೂ ದುರ್ಗಯ್ಯನೋರ್ಗೂ ಅದುಕ್ಕೇ ಮಾತಿಲ್ಲ. ಸಮುದ್ರದಾಗೂ ಅಂಗೇ ತಾನೆ?" ಎಂದ. ನಾನು ಒಂದು ವಾರ ಬೋರ್ಡಿನ ಮೇಲೆ ಬರೆದರೂ ಆಗದ ಪಾಠ ಅದು. ಹಂಗೇ ಕಣ್ಲಾ, ಕೂತ್ಕೋ ಎಂದೆ.

ಟೀಚರ್, ಒಂದು ಮಾತು ಕೇಳಲೇ? ಅಂಥ ಜಾಗದಲ್ಲಿ ನಿಮಗೆ ಹೆದರಿಕೆ ಆಗುವುದಿಲ್ಲವೇ?

ನಿಮ್ಮ ಗಂಗಲಕ್ಷ್ಮಿ


ತೆಂಕಬೆಂಗ್ರೆ
29 ಜುಲೈ 2025

ಗಂಗಲಕ್ಷ್ಮಿ ಟೀಚರ್,

ಹೆಚ್ಚು ಬರೆಯಲು ಆಗುವುದಿಲ್ಲ. ಭಾನುವಾರ ನಮ್ಮ ಕೋಡಿ ಬಿತ್ತು. ಇಡೀ ಊರು ನಿಂತು ನೋಡಿತು. ಹೆಂಗಸರು ಅರಿಶಿನ ಕುಂಕುಮ ಹಾಕಿ ನೀರಿಗೆ ತೆಂಗಿನಕಾಯಿ ಬಿಟ್ಟರು. ಶಾಲೆಗೆ ರಜೆ. ಇಂಪನಾಳ ಚಿತ್ರ ಸಿಕ್ಕಿತು, ಸನ್ನಿಧಿಗೆ ಕೊಟ್ಟಿದ್ದೇನೆ. ಮಕ್ಕಳಿಗೆ ನನ್ನ ಪ್ರೀತಿ ತಿಳಿಸಿ. ಉಳಿದದ್ದು ಇನ್ನೊಮ್ಮೆ.

ಜಲಜಾ


ಹಾಲ್ಕುರಿಕೆ
7 ಆಗಸ್ಟ್ 2025

ನಮ್ಮ ಪ್ರೀತಿಯ ಜಲಜಾ ಟೀಚರಿಗೆ, ಸನ್ನಿಧಿಗೆ, ಇಡೀ ತೆಂಕಬೆಂಗ್ರೆಗೆ,

ಅಭಿನಂದನೆ! ಅಭಿನಂದನೆ! ನಿಮ್ಮ ಕೋಡಿ ಬಿತ್ತು ಎಂದು ಓದಿದ್ದೇ ತಡ, ನಮ್ಮ ಹುಡುಗರು ಬೆಂಚಿನ ಮೇಲೆ ಹತ್ತಿ ಕುಣಿದರು. ಹೆಡ್‌ಮಾಸ್ಟರ್ ಹನುಮಂತರಾಜು ಸರ್ ಬೆತ್ತ ಹಿಡಿದು ಓಡಿ ಬಂದರು. ಸಾರ್, ಕೋಡಿ ಬಿದ್ದಿದೆ ಸಾರ್ ಎಂದೆ. "ಎಲ್ಲಿ? ನಮ್ದಾ?" ಎಂದು ಅವರ ಮುಖವೂ ಅರಳಿತು. ನಮ್ಮದಲ್ಲ, ತೆಂಕಬೆಂಗ್ರೆಯದು ಎಂದೆ. "ಯಾರ್ದಾದ್ರೇನು, ನೀರು ನೀರೇ" ಎಂದು ಅರ್ಧ ದಿನ ಆಟಕ್ಕೆ ಬಿಟ್ಟರು.

ನಿಮಗೆ ನಾನು ಇದುವರೆಗೂ ಹೇಳಿರಲಿಲ್ಲ. ನಮ್ಮ ಕೆರೆಯ ಬಗ್ಗೆ ಅಷ್ಟು ಜಂಬ ಕೊಚ್ಚಿಕೊಂಡೆನಲ್ಲ, ಆ ಕೆರೆ ತುಂಬಿ ಕೋಡಿ ಬಿದ್ದಾಗ ಈ ಮಕ್ಕಳು ಅಂಗನವಾಡಿಯಲ್ಲಿದ್ದರು. ಅಮ್ಮನ ಸೊಂಟದ ಮೇಲೆ ಕುಳಿತು ನೋಡಿದ್ದು ಅಷ್ಟೇ. ಹೆಚ್ಚಿನ ನೀರು ಕಲ್ಲಿನ ಮೇಲೆ ಹಾಲಿನ ಹಾಗೆ ಜಾರಿ ಹಳ್ಳಕ್ಕೆ ಬೀಳುವುದು, ಊರಿಗೆ ಊರೇ ಬಂದು ನಿಲ್ಲುವುದು, ಹೆಂಗಸರು ಅರಿಶಿನ ಕುಂಕುಮ ಇಟ್ಟು ಗಂಗಮ್ಮನಿಗೆ ಬಾಗಿನ ಬಿಡುವುದು, ಶಾಲೆಗೆ ರಜೆ ಕೊಡುವುದು, ಎಲ್ಲ ಇಲ್ಲಿಯ ಹಾಗೇ ಅಲ್ಲಿಯೂ!

ಪಾರ್ಸೆಲ್‌ನಲ್ಲಿ ಬೆಲ್ಲ ಇದೆ, ಇಡೀ ಊರಿಗೆ ಹಂಚಿ. ಒಣಗಿದ ಕಾಯಿಗಳಿವೆ, ಒಡೆಯಬೇಡಿ. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಲೊಟಲೊಟ ಎನ್ನುತ್ತದೆ. ಕೊಳೆಯುವುದಿಲ್ಲ ಎನ್ನುವುದಕ್ಕೆ ಸಾಕ್ಷಿ. ಬಟ್ಟೆಯ ಮೇಲೆ ಬರೆದದ್ದು ಮಕ್ಕಳೇ. ಶಾಲೆಯ ಬಾಗಿಲಿಗೆ ಕಟ್ಟಿ: "ತೆಂಕಬೆಂಗ್ರೆಯ ಕೋಡಿ ವರ್ಷ ವರ್ಷವೂ ಹೀಗೇ ಬೀಳಲಿ."

ನಿಮ್ಮ ಸಂತೋಷದಲ್ಲಿ ಪಾಲುಗಾರ್ತಿ,
ಗಂಗಲಕ್ಷ್ಮಿ


ಹಾಲ್ಕುರಿಕೆ
10 ಸೆಪ್ಟೆಂಬರ್ 2025

ಜಲಜಾ ಮೇಡಂ,

ಟೀಚರ್ ಎನ್ನುವುದನ್ನು ಬಿಟ್ಟು ಮೇಡಂ ಎಂದು ಬೇಕೆಂದೇ ಬರೆದಿದ್ದೇನೆ.

ಪಾರ್ಸೆಲ್ ತಲುಪಿದೆ ಎಂದು ಅಂಚೆಯವರು ಹೇಳುತ್ತಾರೆ. ನಿಮ್ಮಿಂದ ಒಂದು ಸಾಲಿಲ್ಲ. ಶಪಥ ಮುರಿದು ಫೋನೂ ಮಾಡಿದೆ, ಸ್ವಿಚ್ ಆಫ್. ದಿನಾ ಬೆಳಿಗ್ಗೆ ಇಂಪನಾ ಬಂದು "ಬಂತಾ ಮಿಸ್?" ಎನ್ನುತ್ತಾಳೆ. ಇಲ್ಲ ಕಣೇ, ಹೋಗು ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ನನಗೆ ಬರೆಯಬೇಡಿ, ಪರವಾಗಿಲ್ಲ. ಮಕ್ಕಳಿಗೆ ಆಸೆ ಹುಟ್ಟಿಸಿ ಹೀಗೆ ಕೈ ಬಿಡಬಾರದು ಕಣ್ರೀ. ಬೆಲ್ಲ ಚೆನ್ನಾಗಿರಲಿಲ್ಲ ಎಂದಾದರೂ ಬೈದು ಬರೆಯಬಹುದಿತ್ತು.

ಸಿಟ್ಟಿನಲ್ಲಿ ಬರೆದಿದ್ದೇನೆ. ಸಿಟ್ಟು ಇಳಿದ ಮೇಲೆ ಓದಿದರೂ ಹರಿದು ಹಾಕುವುದಿಲ್ಲ, ಹೀಗೇ ಕಳಿಸುತ್ತೇನೆ. ನೀವು ಚೆನ್ನಾಗಿದ್ದೀರಿ ತಾನೇ?

ಗಂಗಲಕ್ಷ್ಮಿ


ತೆಂಕಬೆಂಗ್ರೆ
21 ಸೆಪ್ಟೆಂಬರ್ 2025

ಗಂಗಲಕ್ಷ್ಮಿ ಟೀಚರ್,

ಈ ಪತ್ರವನ್ನು ಮೊದಲು ನೀವೊಬ್ಬರೇ ಓದಿ. ಮಕ್ಕಳಿಗೆ ಓದುವುದೋ ಬೇಡವೋ ಆಮೇಲೆ ನೋಡಿ.

ನಮ್ಮ ಕಡೆ ಕೋಡಿ ಎಂದರೆ ನೆಲ. ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಮರಳಿನ ತುದಿ. ಅದು ಬಿತ್ತು ಎಂದರೆ ಕಡಲು ಅದನ್ನು ಕಡಿದುಕೊಂಡು ಹೋಯಿತು ಎಂದು ಅರ್ಥ.

ಆ ಭಾನುವಾರ ಸನ್ನಿಧಿಯ ಮನೆ ಹೋಯಿತು. ಶಾಲೆಯ ಹಿಂದಿನ ತೆಂಗಿನ ಸಾಲು ಒಂದೊಂದಾಗಿ ಬಾಗಿ ಕಡಲಿಗೆ ಬಿತ್ತು. ಆಮೇಲೆ ಶಾಲೆಯ ಹಿಂದಿನ ಗೋಡೆ. ಭಾನುವಾರ ಆದದ್ದರಿಂದ ಮಕ್ಕಳು ಒಳಗಿರಲಿಲ್ಲ, ಯಾರ ಜೀವಕ್ಕೂ ಏನಾಗಲಿಲ್ಲ. ಶಾಲೆಯ ಬೀರುವಿನಲ್ಲಿ ಇಟ್ಟು ಬಂದಿದ್ದ ನನ್ನ ಫೋನು ಅದರ ಜೊತೆಗೇ ಹೋಯಿತು, ಹೊಸ ನಂಬರು ಈ ಹಾಳೆಯ ಹಿಂದಿದೆ. ಹೆಂಗಸರು ಕಾಯಿ ಬಿಟ್ಟದ್ದು ಸಂತೋಷಕ್ಕಲ್ಲ, ಸಾಕು ತಾಯೀ, ನಿಲ್ಲು ಎಂದು ಕೇಳಿಕೊಳ್ಳಲು. ನೀವು ಕ್ಲಾಸಿನಲ್ಲಿ ಜೋರಾಗಿ ಓದುತ್ತೀರಿ ಎಂದು ನೆನಪಿತ್ತು. ಮಕ್ಕಳನ್ನು ಹೆದರಿಸುವುದು ಬೇಡ, ಟೀಚರಿಗೆ ಅರ್ಥ ಆಗುತ್ತದೆ ಎಂದು ಅಷ್ಟೇ ಬರೆದೆ.

ಪಾರ್ಸೆಲ್ ಬಂದಾಗ ಶಾಲೆ ಹೊಳೆಯ ಈಚೆ ದಡದ ಭಜನಾ ಮಂದಿರದಲ್ಲಿ ನಡೆಯುತ್ತಿತ್ತು. ಎಲ್ಲರ ಎದುರೇ ಬಿಚ್ಚಿದೆ. ಬಟ್ಟೆಯ ಮೇಲಿನ ಸಾಲನ್ನು ಸನ್ನಿಧಿ ಓದಿದಳು. "ಅವ್ರ್ ನಮ್ಮನ್ನ್ ಕಂಡ್ ನಗಾಡ್ತ್ರ್ ಟೀಚರ್" ಎಂದಳು. ಇಂಪನಾಳ ಚಿತ್ರವನ್ನು ನನ್ನ ಕೈಗೆ ಕೊಟ್ಟು ಹೋದಳು. ನಿಮ್ಮ ಪತ್ರದ ಮೊದಲ ಸಾಲು "ಅಭಿನಂದನೆ" ಎಂದು ನೋಡಿ ನಾನೂ ಮಡಚಿಟ್ಟೆ. ನೋವಾಯಿತು ಟೀಚರ್. ತುಂಬಾ ನೋವಾಯಿತು. ಮತ್ತೆ ತೆರೆಯಲಿಲ್ಲ.

ನಿಮ್ಮ ಸಿಟ್ಟಿನ ಪತ್ರ ಬಂದ ಮೇಲೆ, ಇಂಥ ಕ್ರೂರ ಕೆಲಸ ಮಾಡಿ ಮತ್ತೆ ನಮಗೇ ಬೈಯುವ ಹೆಂಗಸು ಎಂಥವಳು ಎಂದು ಹಳೆಯದನ್ನು ತೆಗೆದು ಪೂರ್ತಿ ಓದಿದೆ. ಹೆಚ್ಚಿನ ನೀರು, ಕಲ್ಲಿನ ಮೇಲೆ ಜಾರುವುದು, ಬಾಗಿನ. ಎರಡು ಸಲ ಓದಬೇಕಾಯಿತು. ಆಮೇಲೆ ನಗು ಬಂತು. ಅಳುವೂ ಬಂತು. ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಸನ್ನಿಧಿಯ ಅಜ್ಜಿ ಏನಾಯಿತು ಎಂದು ಕೇಳಿದರು, ಹೇಳಿದೆ. "ಕೋಡಿ ಬಿದ್ರೆ ಬೆಲ್ಲ ಹಂಚು ಊರೂ ಇತ್ತಾ ಮಾರಾಯ್ತಿ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಮನೆ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಅಟ್ಟದಲ್ಲಿ ಇಟ್ಟಿದ್ದ ನಿಮ್ಮ ಬೆಲ್ಲ ಆ ದಿನ ಹಂಚಿದೆವು.

ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದ್ದಿರಿ. ನನಗಿಂತ ಹೆಚ್ಚು ಮಕ್ಕಳಿಗೆ ಆಗಿದೆ. ಮಂದಿರದ ಜಗಲಿಯಿಂದ ಕಡಲು ಕಾಣುತ್ತದೆ. ಮಕ್ಕಳು ತಾವಾಗಿಯೇ ಚಾಪೆಗಳನ್ನು ತಿರುಗಿಸಿ ಕಡಲಿಗೆ ಬೆನ್ನು ಹಾಕಿ ಕೂರುತ್ತಾರೆ. ಸನ್ನಿಧಿ ನೀರಿಗೆ ಕಾಲಿಟ್ಟೇ ಇಲ್ಲ. ಈಗ ಆಚೆ ದಡದ ನೆಂಟರ ಮನೆಯಲ್ಲಿದ್ದಾಳೆ; ದೋಣಿ ಹತ್ತುವುದಿಲ್ಲ ಎಂದು ದಿನವೂ ಸುತ್ತು ದಾರಿಯಲ್ಲಿ ಸೇತುವೆಯ ಮೇಲೆ ನಡೆದು ಬರುತ್ತಾಳೆ. ಶಾಲೆಯ ಗೋಡೆಯನ್ನು ಯಾರಾದರೂ ಕಟ್ಟಿಯಾರು. ಈ ಮಕ್ಕಳನ್ನು ಕಡಲಿನ ಕಡೆ ಹೇಗೆ ತಿರುಗಿಸಲಿ? ಅವರ ಅನ್ನ, ಆಟ, ಹಾಡು ಎಲ್ಲ ಅಲ್ಲೇ ಇದೆ. ಅದೊಂದು ಆಗದಿದ್ದರೆ ನಾನು ಕಲಿಸಿದ್ದೆಲ್ಲ ನೀರುಪಾಲು.

ತಿಲಕನಿಗೆ ಹೇಳಿ, ಅವನ ಬದದ ಮಾತು ಸತ್ಯ. ಗೋಡೆ ಒಂದು ಊರನ್ನು ಉಳಿಸಿತು, ಮರಳು ತಪ್ಪಿ ಇನ್ನೊಂದು ಊರು ಕರಗಿತು. ಹೊಳೆಯಿಂದ ಮರಳು ತೆಗೆದು ಮಾರಿದವರ ಪಾಲೂ ಅದರಲ್ಲಿದೆ. ಇಲ್ಲಿ ಮೀಟಿಂಗ್ ಮೇಲೆ ಮೀಟಿಂಗ್ ಆಗುತ್ತಿದೆ. ನಾನು ಎದ್ದು ನಿಂತು ಅವನ ಮಾತನ್ನೇ ಹೇಳಿದೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ಜಲಜಾ


ಹಾಲ್ಕುರಿಕೆ
28 ಸೆಪ್ಟೆಂಬರ್ 2025

ಜಲಜಕ್ಕ,

ಹೀಗೆ ಕರೆಯಲು ಬಿಡಿ.

ಒಬ್ಬಳೇ ಓದಿದೆ. ತೋಟದ ಪಂಪ್‌ಸೆಟ್ ಮನೆಯ ಕಟ್ಟೆಯ ಮೇಲೆ ಕುಳಿತು ಓದಿ ಅತ್ತೆ. ಬೊಂಡ ಒಂದು ಗೊತ್ತಾಗಿದ್ದಕ್ಕೆ ನಿಮ್ಮ ಮಾತೆಲ್ಲ ಸಲೀಸು ಎಂದು ಬೀಗಿದ ಬಾಯಿಗೆ ಮಣ್ಣು ಹಾಕ. ಪೇಪರಿನಲ್ಲಿ ಕಡಲ್ಕೊರೆತ ಎಂಬ ಸುದ್ದಿ ಕಣ್ಣಿಗೆ ಬಿದ್ದಿತ್ತು. ನಿಮ್ಮ ಊರಿನ ಹೆಸರಿರಲಿಲ್ಲ ಎಂದು ಪುಟ ತಿರುಗಿಸಿದೆ. ಗೋಡೆ ಬಿದ್ದ ಶಾಲೆಯ ಬಾಗಿಲಿಗೆ ವರ್ಷ ವರ್ಷವೂ ಬೀಳಲಿ ಎಂದು ಕಟ್ಟಲು ಹೇಳಿದೆನಲ್ಲ!

ಮಾರನೆಯ ದಿನ ಮಕ್ಕಳಿಗೆ ಓದಿದೆ. ಮುಚ್ಚಿಡಲು ಮನಸ್ಸು ಬರಲಿಲ್ಲ. ತಿಲಕ್ ತಲೆ ತಗ್ಗಿಸಿಕೊಂಡು "ಮರ ಬಿದ್ವಂತಾ ಮಿಸ್, ಕಾಯಿ ಇದ್ದಂಗೇನೇ?" ಎಂದ. ತೆಂಗು ಬೆಳೆಯುವ ಮನೆಯ ಹುಡುಗ, ಅವನಿಗೆ ಅದು ಹೇಗೆ ತಾಗಿತು ಎಂದು ನನಗೆ ಗೊತ್ತು. ಇಂಪನಾ ಹೇಳಿದಳು: "ಸನ್ನಿಧಿ ಗದರಿಸ್ತಾ ನಿಂತವ್ಳೆ ಅಂತ ಬರ್ದಿದ್ನಲ್ಲ ಮಿಸ್. ನಿಜವಾಗ್ಲೂ ಅಲ್ಲೇ ನಿಂತಿದ್ಲು ಅವ್ಳು. ನಾನಾಗಿದ್ರೆ ಓಡೋಗ್ತಿದ್ದೆ."

ಅಕ್ಕ, ಗೋಡೆ ಇಲ್ಲದೆ ಮೇಷ್ಟ್ರಾಗಿ ನಿಂತವರನ್ನು ನಾನು ಇದುವರೆಗೂ ಕಂಡಿರಲಿಲ್ಲ. ಭಜನಾ ಮಂದಿರದಲ್ಲಿ ಚಾಪೆ ಹಾಸಿ, ಮಕ್ಕಳ ಬೆನ್ನು ನೋಡಿ ಸಂಕಟಪಡುತ್ತಾ, ಮತ್ತೆ ಬೆಳಿಗ್ಗೆ ಎದ್ದು ಪಾಠಕ್ಕೆ ಹೋಗುವ ನೀವು ದೊಡ್ಡವರು. ಮಕ್ಕಳನ್ನು ತಿರುಗಿಸುವ ದಾರಿ ನನಗೂ ಗೊತ್ತಿಲ್ಲ. ಗೊತ್ತಾದರೆ ಓಡಿ ಬರುತ್ತೇನೆ.

ಗಂಗಲಕ್ಷ್ಮಿ


ಹಾಲ್ಕುರಿಕೆ, ಕೆರೆ ಏರಿಯ ಮೇಲಿಂದ
24 ಅಕ್ಟೋಬರ್ 2025

ಜಲಜಕ್ಕ,

ಕೋಡಿ ಬಿತ್ತು! ನಮ್ಮದು! ನೀರಿನ ಕೋಡಿ!

ವಾರದಿಂದ ಹಿಡಿದ ಮಳೆ. ಬೆಳಿಗ್ಗೆ ಕೆರೆ ತೂಬು ಕಾಯುವ ನೀರುಗಂಟಿ ಮರುಳಪ್ಪ ಊರೊಳಗೆ ಕೂಗಿಕೊಂಡು ಬಂದ. ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಎಲ್ಲರೂ ಕುಣಿಯುತ್ತಿದ್ದಾರೆ, ಹನುಮಂತರಾಜು ಸರ್ ಪ್ಯಾಂಟು ಮಡಚಿಕೊಂಡು ನಡುನೀರಿನಲ್ಲಿ ನಿಂತಿದ್ದಾರೆ. ಇಂಪನಾ ಒಬ್ಬಳು ದಡದಲ್ಲಿ ನಿಂತಿದ್ದಳು. ಯಾಕೇ ಎಂದೆ. "ಅವರ್ನ ಕರೀರಿ ಮಿಸ್. ಕೋಡಿ ಬಿದ್ರೆ ಅಳೋದು ಒಂದೇ ಅಲ್ಲ ಅಂತ ಅವ್ರು ಬಂದು ನೋಡ್ಲಿ" ಎಂದಳು.

ಅದಕ್ಕೇ ಕರೆಯುತ್ತಿದ್ದೇನೆ. ಸೋಮವಾರ ನಿಮ್ಮ ಹೊಸ ನಂಬರಿಗೆ ಫೋನೂ ಮಾಡುತ್ತೇನೆ, ಶಪಥ ಹಾಳಾಗಿ ಹೋಗಲಿ. ಮಕ್ಕಳನ್ನೆಲ್ಲ ಕರೆದುಕೊಂಡು ಬನ್ನಿ. ಮಲಗಲು ನಮ್ಮ ಶಾಲೆ ಇದೆ, ಊಟಕ್ಕೆ ಊರ ಮಠದಲ್ಲಿ ಹೇಳಿದ್ದೇನೆ. ಬರದಿದ್ದರೆ ನಾನೇ ಬಂದು ಎಳೆದುಕೊಂಡು ಹೋಗುತ್ತೇನೆ.

ಗಂಗಲಕ್ಷ್ಮಿ


ತೆಂಕಬೆಂಗ್ರೆ
9 ನವೆಂಬರ್ 2025

ಪ್ರೀತಿಯ ಗಂಗಲಕ್ಷ್ಮಿ,

ಹಾಲ್ಕುರಿಕೆಯಿಂದ ಎಲ್ಲರೂ ಕ್ಷೇಮವಾಗಿ ತಲುಪಿದೆವು. ನೀವು ಕಟ್ಟಿಕೊಟ್ಟ ಕೊಬ್ಬರಿ ಮಿಠಾಯಿ ಘಟ್ಟ ಇಳಿಯುವ ಮೊದಲೇ ಮುಗಿದಿತ್ತು.

ಕೋಡಿಯ ಹತ್ತಿರ ಅಂದು ಆದದ್ದನ್ನು ನೀವು ಪೂರ್ತಿ ನೋಡಲಿಲ್ಲ. ಬಾಗಿನದ ಗಲಾಟೆಯಲ್ಲಿದ್ದಿರಿ. ನಿಮ್ಮ ಮಕ್ಕಳು ನಮ್ಮವರನ್ನು ಎಳೆದುಕೊಂಡು ನೀರಿಗೆ ಇಳಿದರು. ಸನ್ನಿಧಿ ಮಾತ್ರ ನನ್ನ ಸೆರಗು ಹಿಡಿದು ದೂರ ನಿಂತಿದ್ದಳು. ಇಂಪನಾ ಬಂದಳು. ಬಾ ಎನ್ನಲಿಲ್ಲ, ಕೈ ಎಳೆಯಲಿಲ್ಲ. ಲೊಟಲೊಟ ಎನ್ನುವ ಒಂದು ಕಾಯಿ ತಂದಿದ್ದಳು. ಅದನ್ನು ಅಲ್ಲಾಡಿಸಿ ಸದ್ದು ಕೇಳಿಸಿ, ಬಗ್ಗಿ ನೀರಿಗೆ ಬಿಟ್ಟಳು. ಕಾಯಿ ತೇಲಿ ಕಲ್ಲಿನ ಅಂಚಿಗೆ ಹೊರಟಿತು. "ಅಯ್ಯೋ, ಹೋತ್ ಹೋತ್! ಹಿಡಿನಿ!" ಎಂದು ಸನ್ನಿಧಿ ಕೂಗಿದಳು. ಯಾರೂ ಹಿಡಿಯಲಿಲ್ಲ. ಅವಳೇ ನುಗ್ಗಿದಳು. ಮೊಣಕಾಲುವರೆಗೆ ನೀರಿನಲ್ಲಿ ನಿಂತು ಎರಡು ಕೈಯಲ್ಲಿ ಕಾಯಿ ಹಿಡಿದ ಮೇಲೆಯೇ ತಾನು ಎಲ್ಲಿದ್ದೇನೆ ಎಂದು ಅವಳಿಗೆ ತಿಳಿದದ್ದು. ಇಂಪನಾ ಬೇಕೆಂದೇ ಬಿಟ್ಟಳೋ, ಕೈ ಜಾರಿತೋ, ನಾನು ಕೇಳಲಿಲ್ಲ. ನೀವೂ ಕೇಳಬೇಡಿ. ಅಂಥ ಹುಡುಗಿಯನ್ನು ಓದಿಸುತ್ತಿರುವ ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಸೋಮವಾರ ಭಜನಾ ಮಂದಿರಕ್ಕೆ ನಾನು ಹೋಗುವಷ್ಟರಲ್ಲಿ ಸನ್ನಿಧಿ ಬಂದಿದ್ದಳು. ದೋಣಿಯಲ್ಲಿ ಬಂದಿದ್ದಳು. ಅವಳ ಚಾಪೆ ಕಡಲಿನ ಕಡೆಗಿತ್ತು. ಉಳಿದವರು ಅವಳನ್ನು ನೋಡಿ, ನನ್ನನ್ನು ನೋಡಿ, ಒಬ್ಬೊಬ್ಬರಾಗಿ ತಿರುಗಿಸಿಕೊಂಡರು. ಇಬ್ಬರು ಇನ್ನೂ ತಿರುಗಿಸಿಲ್ಲ. ಇರಲಿ, ಅವಸರವಿಲ್ಲ.

"ಇಂಪನಾ ಕೇಂಡ್ ಪ್ರಶ್ನೆಗೆ ನೀವ್ ಉತ್ತರ ಕೊಡ್ಲೇ ಇಲ್ಲೆ ಟೀಚರ್" ಎಂದಳು ಸನ್ನಿಧಿ. ನಿಜ. ಸಮುದ್ರಕ್ಕೆ ಕೋಡಿ ಎಲ್ಲಿದೆ ಎಂದು ಆ ಮಗು ಕೇಳಿತ್ತು, ನಾನು ಬೇರೆ ಕೋಡಿಯ ಕಥೆ ಹೇಳಿದ್ದೆ. ನೀನೇ ಹೇಳು ಎಂದೆ.

ಸಮುದ್ರ ತುಂಬಿದರೆ ಹೆಚ್ಚಿನ ನೀರು ಮೇಲೆ ಹೋಗುತ್ತದೆ, ಮೋಡವಾಗಿ ಘಟ್ಟ ಹತ್ತುತ್ತದೆ, ಅಲ್ಲಿ ಹೋಗಿ ಬೀಳುತ್ತದೆ, ಎಂದಳು. ಅಕ್ಟೋಬರಿನ ಹಿಂಗಾರು ಮಳೆ ಬರುವುದು ಪೂರ್ವದ ಬಂಗಾಳಕೊಲ್ಲಿಯಿಂದ, ನಮ್ಮ ಅರಬ್ಬಿ ಸಮುದ್ರದಿಂದ ಅಲ್ಲ ಎಂದು ತಿದ್ದಲು ಹೋದೆ, ಮೇಷ್ಟ್ರ ಬುದ್ಧಿ. "ನೀರ್ ಒಂದೇ, ನಕ್ಷೆಯಲ್ಲ್ ಮಾತ್ರ ಹೆಸ್ರ್ ಬೇರೆ ಬೇರೆ ಅಂದ್ ನೀವೇ ಅಲ್ದಾ ಹೇಳದ್ದ್?" ಎಂದಳು. ಪೆನ್ನು ತೆಗೆದುಕೊಂಡೆ.

ಇಂಪನಾಳಿಗೆ ಅವಳು ಬರೆಸಿದ ಉತ್ತರವನ್ನು ಹಾಗೆಯೇ ಬರೆಯುತ್ತೇನೆ. ಕ್ಲಾಸಿನಲ್ಲಿ ಜೋರಾಗಿ ಓದಿ:

"ಸಮುದ್ರದ ಕೋಡಿ ಹಾಲ್ಕುರಿಕೆಯಲ್ಲಿದೆ. ನಾನು ಅದರಲ್ಲಿ ನಿಂತಿದ್ದೆ."

ನಿಮ್ಮ ಜಲಜಾ